ಬೇವಿನ ಹಿಡಿಕೆಯ ನೂರಿಪ್ಪತ್ತು ಬ್ರಶ್ಶು

ಗೋಕಾಕದ ಈಶ್ವರ ಚಿತ್ರಗಾರ ಮರದಲ್ಲಿ ಪೇರಲಹಣ್ಣು ಮಾಡಿಟ್ಟರೆ ಗಿಳಿ ಬಂದು ಕುಕ್ಕಬೇಕು, ಹಾಗಿರುತ್ತಿತ್ತು. ಆದರೆ ಗಿಳಿಗಳು ಗಿರಾಕಿಗಳಲ್ಲವಲ್ಲ. ಮಕ್ಕಳ ಕೈಗೆ ಮೊಬೈಲು ಬಂದ ಮೇಲೆ ಮರದ ಹಣ್ಣನ್ನು ಕೇಳುವವರೇ ಇಲ್ಲವಾದರು. ಐವತ್ತೆರಡರ ಈ ಮನುಷ್ಯ ಉಳಿ, ಅರಗಳನ್ನು ಅಟ್ಟಕ್ಕೇರಿಸಿ, ಮೂಡಲಗಿ ಕಡೆಯ ಕಬ್ಬಿನ ಟ್ರ್ಯಾಲಿಗಳ ಹಿಂದೆ ಮಾಲೀಕರ ಹೆಸರನ್ನೂ ಹುಲಿಯ ಮುಖವನ್ನೂ ಬರೆಯತೊಡಗಿದ್ದ. ಊಟಕ್ಕೇನೂ ಕೊರತೆಯಿರಲಿಲ್ಲ. ಮರ ಮುಟ್ಟದೆಯೇ ಸತ್ತುಹೋಗುತ್ತೇನಲ್ಲ ಎಂಬುದೊಂದೇ ಅವನ ಸಂಕಟ. ಇಂಥ ಸಂಕಟಕ್ಕೆ ಯಾವ ಡಾಕ್ಟರೂ ಗುಳಿಗೆ ಕೊಡುವುದಿಲ್ಲ.

ಮೂಡಲಗಿಯಲ್ಲಿ ಮಠದವರು ನಡೆಸುವ ಒಂದು ಪ್ರಸಾದ ನಿಲಯವಿದೆ. ಅಲ್ಲಿ ನೂರಿಪ್ಪತ್ತು ಹುಡುಗರು ಉಂಡು, ಮಲಗಿ, ಸಾಲಿ ಕಲಿಯುತ್ತಾರೆ. ಅದನ್ನು ನೋಡಿಕೊಳ್ಳುವ ಗುರುಪಾದ ಮಾಸ್ತರರು ಒಂದು ದಿನ ನಿಲಯದ ಬೋರ್ಡು ಬರೆಸಲು ಈಶ್ವರನನ್ನು ಕರೆಸಿದರು. ಬೋರ್ಡು ಒಣಗುವಷ್ಟರಲ್ಲಿ ತಮ್ಮ ತಾಪತ್ರಯ ತೋಡಿಕೊಂಡರು. ನಿಲಯದಲ್ಲಿ ಪ್ಲಾಸ್ಟಿಕ್ ಬೇಡವೆಂದು ತೀರ್ಮಾನಿಸಿ ತಾಟು, ಬಕೀಟು, ನೀರಿನ ಬಾಟಲಿ ಎಲ್ಲವನ್ನೂ ಬದಲಿಸಿದ್ದಾಯಿತು, ಪೇಸ್ಟು ಬಿಟ್ಟು ಹಲ್ಲುಪುಡಿಗೂ ಬಂದದ್ದಾಯಿತು. ಉಳಿದದ್ದು ಬ್ರಶ್ಶು ಮಾತ್ರ. ಮೂರು ತಿಂಗಳಿಗೊಮ್ಮೆ ಒಂದು ಬಕೀಟು ತುಂಬ ಹಳೆಯ ಬ್ರಶ್ಶು ಬೀಳುತ್ತವೆ. ಗುಜರಿಯವನು ಒಯ್ಯುವುದಿಲ್ಲ, ಸುಟ್ಟರೆ ಅಡುಗೆಮನೆಯ ತನಕ ನಾರುತ್ತದೆ. ಬೇವಿನ ಕಡ್ಡಿ ಆದೀತೆಂದು ನೋಡಿದರೆ, ನೂರಿಪ್ಪತ್ತು ಹುಡುಗರು ಒಂದೇ ತಿಂಗಳಲ್ಲಿ ಅಂಗಳದ ಬೇವಿನ ಮರವನ್ನು ಬೋಳು ಮಾಡಿಟ್ಟರು. ಒಂದು ಎಳೆಯೂ ಪ್ಲಾಸ್ಟಿಕ್ ಇಲ್ಲದ ಬ್ರಶ್ಶು ನಿಮ್ಮಿಂದ ಆಗುತ್ತದೆಯೇ ಎಂದು ಕೇಳಿದರು. ಆಗುವುದಾದರೆ ವರ್ಷ ವರ್ಷವೂ ಬೇಕು ಎಂದರು.

ವರ್ಷ ವರ್ಷವೂ! ಈಶ್ವರ ಅಂದೇ ಅಟ್ಟ ಹತ್ತಿ ಉಳಿ ಇಳಿಸಿದ.

ಹಿಡಿಕೆ ಅವನಿಗೆ ಎಡಗೈಯ ಕೆಲಸ. ಸಾ ಮಿಲ್ಲಿನಿಂದ ಬೇವಿನ ತುಂಡು ತಂದು ಕೆತ್ತಿ, ನುಣ್ಣಗೆ ಉಜ್ಜಿದ. ಯಾರ ಬ್ರಶ್ಶು ಯಾರದೆಂದು ಗೊತ್ತಾಗಲಿ ಅಂತ ಪ್ರತಿಯೊಂದರ ತುದಿಗೂ ಬೇರೆ ಬೇರೆ ಕಾಯಿಪಲ್ಲೆ, ಹಣ್ಣು, ಹಕ್ಕಿ ಕೆತ್ತಿದ. ತೊಡಕಾದದ್ದು ಎಳೆಗಳು. ತೆಂಗಿನ ನಾರು ಹಾಕಿ ತಿಕ್ಕಿದರೆ ಒಸಡಿನಲ್ಲಿ ರಕ್ತ ಬಂತು. ಕತ್ತಾಳೆಯ ನಾರು ಎರಡು ದಿನಕ್ಕೆ ಮೆತ್ತಗಾಗಿ ಮಲಗಿತು. ಆಡಿನ ಕೂದಲು ಹಲ್ಲನ್ನು ತಿಕ್ಕುವ ಬದಲು ಸವರಿತು. ಆಗ ಅವನಿಗೆ ಪತ್ತಾರರು ಬಂಗಾರ ತಿಕ್ಕುವ ಬ್ರಶ್ಶು ನೆನಪಾಯಿತು. ಬಂಗಾರಕ್ಕೆ ಗೀರು ಬೀಳದಂತೆ, ಕೊಳೆ ಮಾತ್ರ ಹೋಗುವಂತೆ ತಿಕ್ಕುವುದು ಅದೊಂದೇ. ಅದು ಹಂದಿಯ ಕೂದಲು.

ಹುಕ್ಕೇರಿಯಲ್ಲಿ ಹಂದಿ ಸಾಕುವ ಸತ್ಯಪ್ಪನ ಬಳಿ ಹೋಗಿ ಒಂದು ಚೀಲ ಕೂದಲು ತಂದ. ಮೂರು ಸಲ ಕುದಿಸಿದ, ನಾಲ್ಕು ದಿನ ಬಿಸಿಲಿಗೆ ಹಾಕಿದ. ಕುಚ್ಚು ಕಟ್ಟಿ, ತಾಮ್ರದ ತಂತಿಯಿಂದ ಬಿಗಿದು ತಾನೇ ತಿಕ್ಕಿ ನೋಡಿದರೆ ಹಲ್ಲು ಫಳಫಳ. ಒಂದು ತಿಂಗಳಾದರೂ ಎಳೆ ಬಾಗಲಿಲ್ಲ. ಚಿತ್ರಗಾರನಿಗೆ ಕೂದಲೆಂದರೆ ಕೂದಲು. ಅಳಿಲಿನದಾಗಲಿ, ಕತ್ತೆಯದಾಗಲಿ, ಕೆಲಸಕ್ಕೆ ಬಂದರಾಯಿತು. ಹುಟ್ಟಿದಾಗಿನಿಂದ ಹಾಗೆಯೇ ಬೆಳೆದವನು ಅವನು.

ಅವನ ಹೆಂಡತಿ ಶೋಭಾ ಮಾತ್ರ ಆ ಕುಚ್ಚುಗಳನ್ನು ದೂರದಿಂದಲೇ ನೋಡಿದಳು.

"ಅಲ್ಲರಿ, ಲಿಂಗಾ ಕಟ್ಟಿದ ಹುಡುಗರ ಬಾಯಾಗ ಹೋಗೂದಿದು. ಮೊದಲ ಹೇಳಿ ಕೊಡ್ರಿ. ಬ್ಯಾಡಂದ್ರ ಬ್ಯಾಡ."

ಹೇಳುತ್ತೇನೆ ಎಂದ. ಖರೇನೇ ಹೇಳಬೇಕೆಂದುಕೊಂಡೇ ನೂರಿಪ್ಪತ್ತು ಬ್ರಶ್ಶಿನ ಚೀಲ ಹೊತ್ತು ಮೂಡಲಗಿಯ ಬಸ್ಸು ಹತ್ತಿದ.

ನಿಲಯದಲ್ಲಿ ಗುರುಪಾದ ಮಾಸ್ತರರು ಒಂದೊಂದೇ ಬ್ರಶ್ಶು ಎತ್ತಿ ನೋಡಿದರು. ಬದನೆಕಾಯಿ ಕಂಡು ನಕ್ಕರು, ಗುಬ್ಬಿಯನ್ನು ಬೆರಳಲ್ಲಿ ಸವರಿದರು. ಎಷ್ಟೋ ವರ್ಷಗಳ ಮೇಲೆ ಒಬ್ಬ ಮನುಷ್ಯ ಅವನ ಕೆಲಸವನ್ನು ಹಾಗೆ ಕೈಯಲ್ಲಿ ಹಿಡಿದು ನೋಡುತ್ತಿದ್ದ. ಇದು ಯಾವ ನಾರು ಎಂದು ಮಾಸ್ತರರು ಕೇಳಲಿಲ್ಲ. ಈಶ್ವರನ ಬಾಯಿಯೂ ತೆರೆಯಲಿಲ್ಲ. ಊಟದ ಹೊತ್ತಿಗೆ ಹೇಳಿದರಾಯಿತು ಎಂದುಕೊಂಡ. ಊಟಕ್ಕೆ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು ಮಾಸ್ತರರು ಅವನಿಗೆ ಹೋಳಿಗೆ ಬಡಿಸಿದರು. ಹೋಳಿಗೆ ಮುಂದಿಟ್ಟುಕೊಂಡು ಹಂದಿಯ ಮಾತು ಹೇಗೆ ತೆಗೆಯುವುದು? ಹುಡುಗರಿಗೆ ಹಂಚುವ ಮೊದಲು ನಾಳೆ ನಾನೇ ತಿಕ್ಕಿ ನೋಡುತ್ತೇನೆ, ರಾತ್ರಿ ಇಲ್ಲೇ ವಸ್ತಿ ಇರಿ ಎಂದರು ಮಾಸ್ತರರು. ಹಾಗಾದರೆ ಬೆಳಿಗ್ಗೆ ಹೇಳಿದರಾಯಿತು. ಹೇಡಿ! ಬೇರೆ ಶಬ್ದವಿಲ್ಲ ಇದಕ್ಕೆ.

ಬೆಳಿಗ್ಗೆ ಅವನು ಏಳುವಷ್ಟರಲ್ಲಿ ಮಾಸ್ತರರು ಹಲ್ಲುಜ್ಜಿ, ಜಳಕ ಮುಗಿಸಿ ಪೂಜೆಗೆ ಕುಳಿತಾಗಿತ್ತು. ಎಡ ಅಂಗೈಯಲ್ಲಿ ಇಷ್ಟಲಿಂಗ, ಹಣೆಯಲ್ಲಿ ವಿಭೂತಿ, ಕಣ್ಣು ಅರ್ಧ ಮುಚ್ಚಿ ಮಂತ್ರ ಹೇಳುತ್ತಿದ್ದರು. ಹಿತ್ತಲ ಕಟ್ಟೆಯ ಮೇಲೆ ಬದನೆಕಾಯಿಯ ಬ್ರಶ್ಶು ಹಸಿಯಾಗಿ ಬಿದ್ದಿತ್ತು. ಮಂತ್ರ ಹೇಳುವ ಆ ಬಾಯಿಯನ್ನೇ ಈಶ್ವರ ನೋಡಿದ. ಇನ್ನು ಸುಮ್ಮನಿದ್ದರೆ ನೂರಿಪ್ಪತ್ತು ಬಾಯಿಗಳಿಗೂ ಇದೇ ಗತಿ. ಪೂಜೆ ಮುಗಿಯುವ ತನಕ ಬಾಗಿಲಲ್ಲಿ ನಿಂತಿದ್ದು, ಲಿಂಗವನ್ನು ಕರಡಿಗೆಗೆ ಸೇರಿಸಿಕೊಂಡು ಅವರು ಎದ್ದ ಮೇಲೆ ಹೇಳಿದ.

"ಮಾಸ್ತರ್ರ, ಆ ಬ್ರಶ್ಶಿನಾಗಿನ ಕೂದಲಾ ಹಂದೀದರಿ."

ಮಾಸ್ತರರು ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಲಿಂಗ ಹಿಡಿದಿದ್ದ ತಮ್ಮ ಅಂಗೈಯನ್ನೇ ನೋಡಿಕೊಂಡರು.

"ನಿನ್ನಿ ಹೇಳಿದ್ರ ಏನಾಗತಿತ್ತರಿ, ಈಶ್ವರಪ್ಪ? ಬ್ಯಾಡಂತಿದ್ನಿ. ಅಷ್ಟ."

ಈಶ್ವರ ಬೇರೆ ಏನಾದರೂ ಹುಡುಕುತ್ತೇನೆ, ತಾಳೆಯ ನಾರು ನೋಡುತ್ತೇನೆ ಎಂದು ಬಡಬಡಿಸಿದ. ಮಾಸ್ತರರು ಬೇಡವೆಂದು ತಲೆಯಾಡಿಸಿದರು. ಇನ್ನು ನೀವು ಹಾಲಿನಲ್ಲಿ ತೊಳೆದು ತಂದರೂ ನನಗೆ ಬಾಯಿಗೆ ಹಾಕುವ ಧೈರ್ಯವಿಲ್ಲ ಎಂದರು. ಈ ಮಾತನ್ನು ಯಾರ ಮುಂದೆಯೂ ಎತ್ತಬೇಡಿ ಎಂದೂ ಕೇಳಿಕೊಂಡರು. ಆಮೇಲೆ ಮತ್ತೊಮ್ಮೆ ಜಳಕಕ್ಕೆ ಹೋದರು. ಆ ವಾರವೇ ನಿಲಯಕ್ಕೆ ಅಂಗಡಿಯ ಪ್ಲಾಸ್ಟಿಕ್ ಬ್ರಶ್ಶುಗಳು ಬಂದವೆಂದು ಕೇಳಿದ್ದೇನೆ.

ಈಶ್ವರ ಚೀಲ ಹೊತ್ತು ಮನೆಗೆ ಬಂದ. ಹೇಳಿದಿರಾ ಎಂದು ಶೋಭಾ ಕೇಳಿದಳು. ಹೇಳಿದೆ ಎಂದ. ಯಾವಾಗ ಎಂದು ಅವಳು ಕೇಳಲಿಲ್ಲ, ಅವನ ಮುಖದಲ್ಲೇ ತಿಳಿಯಿತು.

ಈಗ ಅವನು ಮತ್ತೆ ಟ್ರ್ಯಾಲಿಗಳಿಗೆ ಹುಲಿ ಬರೆಯುತ್ತಾನೆ. ಬೆಳಿಗ್ಗೆ ಹಿತ್ತಲಲ್ಲಿ ಕುಳಿತು ತನ್ನದೇ ಬ್ರಶ್ಶಿನಿಂದ ಹಲ್ಲು ತಿಕ್ಕುತ್ತಾನೆ. ಶೋಭಾ ಅದನ್ನು ಮುಟ್ಟುವುದಿಲ್ಲ, ಆದ್ದರಿಂದ ನೂರಿಪ್ಪತ್ತೂ ಅವನೊಬ್ಬನಿಗೇ. ಒಂದೊಂದೂ ಮೂರು ತಿಂಗಳು ತಡೆಯುತ್ತದೆ. ಅಂದರೆ ಇನ್ನು ಮೂವತ್ತು ವರ್ಷ, ಬದುಕಿದ್ದರೆ, ಅವನು ಒಂದೂ ಹೊಸದು ಮಾಡಬೇಕಾಗಿಲ್ಲ.