ಹೊತ್ತು ಮುಳುಗುವಾಗಿನ ಹಾಜರಿ

ಎಪ್ಪತ್ತೊಂದರ ಯುದ್ಧದಲ್ಲಿ ಸೆರೆಸಿಕ್ಕು, ವರ್ಷದ ಮೇಲೆ ಪಾಕಿಸ್ತಾನದ ಶಿಬಿರದಿಂದ ನಮ್ಮ ಕುಕನೂರಿಗೆ ಮರಳಿದ ಸಿಪಾಯಿ ಗಾದಿಲಿಂಗಪ್ಪ ಹಗಲೆಲ್ಲ ಎಲ್ಲರಂಥವನೇ, ಮೆಣಸಿನಕಾಯಿಗೆ ಚೌಕಾಸಿ ಮಾಡುತ್ತಾನೆ, “ಇದು ಚಾ ಏನೋ, ಬಿಸಿ ನೀರೋ?” ಎಂದು ಹೋಟೆಲಿನವನ ಮೇಲೆ ಹರಿಹಾಯುತ್ತಾನೆ. ಹೊತ್ತು ಮುಳುಗಿತೋ, ಇದ್ದಲ್ಲೇ ಎದ್ದು ಕಂಬದಂತೆ ನಿಂತುಬಿಡುತ್ತಾನೆ. ಶಿಬಿರದಲ್ಲಿ ಅದು ಹಾಜರಿ ಕರೆಯುವ ಹೊತ್ತು. ಯಾರಾದರೂ ಹೆಸರು ಕೂಗಬೇಕು, ಇವನು “ಹಾಜರ್!” ಅನ್ನಬೇಕು, ಆಮೇಲೇ ಕೂರುವುದು. ಇವನ ಅರ್ಧ ಗಡ್ಡ ಬೋಳಿಸಿದ್ದ ಕ್ಷೌರದ ವೆಂಕೋಬ ಕತ್ತಿ ಹಿಡಿದುಕೊಂಡೇ ಕೂಗಿದ್ದಾನೆ. ಹುಲಿಗಿಯ ಹೊಳೆಯಲ್ಲಿ ಸೊಂಟಮಟ್ಟದ ನೀರಿನಲ್ಲಿ ನಿಂತುಬಿಟ್ಟವನನ್ನು ಪೂಜಾರಿ ದಂಡೆಯಿಂದ ಕೂಗಿ ಹೊರಗೆ ತಂದಿದ್ದಾನೆ. ಮನೆಯಲ್ಲಿದ್ದ ದಿನ ಕೂಗುವವಳು ಹೆಂಡತಿ ಹಂಪವ್ವ. ಗಂಡನ ಹೆಸರನ್ನು ಹೆಂಗಸರು ಬಾಯಲ್ಲಿ ಆಡದ ಓಣಿಯಲ್ಲಿ ಅವಳು ಹೊಸ್ತಿಲಲ್ಲಿ ನಿಂತು “ಗಾದಿಲಿಂಗಪ್ಪಾ!” ಎಂದು ಗಟ್ಟಿಯಾಗಿ ಕರೆಯುತ್ತಾಳೆ. ಒಂದು ಸಂಜೆ ನೆರೆಮನೆಯ ಶಂಕ್ರಮ್ಮ ತಡೆಯಲಾರದೆ, “ನಾಚಿಕಿ ಬರೂದಿಲ್ಲೇನ ನಿನಗ?” ಎಂದಳು. “ಅವ್ರು ಅಲ್ಲಿದ್ದಾಗ ದಿನಾ ಸಂಜೀಕ ಮನಸಿನಾಗ ಹೆಸರ ಹಿಡದ ಕರೀತಿದ್ನಿ, ಯಕ್ಕಾ,” ಎಂದಳು ಹಂಪವ್ವ. “ಒಂದ ದಿನಾನೂ ಓ ಅಂತಿದ್ದಿಲ್ಲ. ಈಗ ಅಂತಾರ.”