ಆರ್ವಿಲಾಳ ಮದುವೆಯ ದಿನ ಸಿಕ್ಕಿಕೊಂಡ ಸ್ಲೈಡು

ನನ್ನ ಗೆಳತಿ ಆರ್ವಿಲಾ ತನ್ನ ಅರವತ್ತೆರಡನೇ ವಯಸ್ಸಿನಲ್ಲಿ, ಜೀವಮಾನದ ಮೊದಲ ಮದುವೆಯ ದಿನ, ಮದುವೆಯ ಬಟ್ಟೆಯಲ್ಲೇ ಕೈಗೆ ಸ್ಕ್ರೂಡ್ರೈವರ್ ತೆಗೆದುಕೊಂಡಳು. ಮದುಮಗ ಗೋಡೆಯ ಆಚೆ ಸಿಕ್ಕಿಹಾಕಿಕೊಂಡಿದ್ದ. ಮದುವೆ ಮಾಡಿಸಲು ಬಂದಿದ್ದ ಜಡ್ಜ್ ಮೋಂಟೋಯಾ ಮೇಡಂ ಗಳಿಗೆಗೊಂದು ಸಲ ಗಡಿಯಾರ ನೋಡುತ್ತಿದ್ದರು.

ನಾನು ಓಲೀಟಾ. ನಾರ್ತ್ ಡಕೋಟಾದಲ್ಲಿ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು. ನನ್ನದು ಬಾಯಿ ಜೋರು ಅಂತ ಇಡೀ ಕ್ವಾರ್ಟ್‌ಸೈಟ್ ಊರೇ ಹೇಳುತ್ತದೆ, ಹೇಳಲಿ. ಅರವತ್ತು ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಹಿಮದಲ್ಲಿ ಬಸ್ಸು ಓಡಿಸಿದವರಿಗೆ ಬಾಯಿ ಮೆತ್ತಗೆ ಇರುವುದಿಲ್ಲ. ಗಂಡ ತೀರಿಹೋದ ಮೇಲೆ ಮನೆ ಮಾರಿ ಈ ಮನೆಗಾಡಿ ತೆಗೆದುಕೊಂಡೆ. ಚಳಿಗಾಲ ಬಂತೆಂದರೆ ನಮ್ಮಂಥವರು ಸಾವಿರಗಟ್ಟಲೆ ಜನ ಈ ಅರಿಜೋನಾದ ಮರಳುಗಾಡಿಗೆ ಬಂದು ಠಿಕಾಣಿ ಹೂಡುತ್ತೇವೆ. ಗಾಡಿ ನಿಲ್ಲಿಸಿ ಒಂದು ಗುಂಡಿ ಒತ್ತಿದರೆ ಸಾಕು, ಗೋಡೆಯ ಒಂದು ಭಾಗವೇ ಸೋಫಾ, ಅಡಿಗೆ ಕಟ್ಟೆ ಸಮೇತ ಹೊರಗೆ ಚಾಚಿಕೊಂಡು ಇಕ್ಕಟ್ಟಿನ ಗಾಡಿ ಹಜಾರವಾಗಿಬಿಡುತ್ತದೆ. ಅದಕ್ಕೆ ಸ್ಲೈಡು ಅನ್ನುತ್ತೇವೆ. ಅದು ಹೊರಗೆ ಬಂದರೆ ನಮಗೆ ಸ್ವರ್ಗ. ಕೆಟ್ಟು ನಿಂತರೆ ಆರ್ವಿಲಾಳನ್ನು ಕರೆಯಬೇಕು.

ಅವಳು ಇಂಡಿಯಾನಾದ ಮೆನೊನೈಟ್ ಅನ್ನುವ ಸಾದಾ ಬದುಕಿನ ಕ್ರೈಸ್ತ ಪಂಗಡದ ಹುಡುಗಿ. ಹತ್ತೊಂಬತ್ತಕ್ಕೆ ಮನೆಗಾಡಿ ಕಟ್ಟುವ ಕಾರ್ಖಾನೆ ಸೇರಿ, ಮೂವತ್ತೆರಡು ವರ್ಷ ಮನೆಗಾಡಿಗಳನ್ನೇ ಕಟ್ಟಿದಳು. ಸ್ಲೈಡು ಬಂದ ಮೇಲೆ ಅದನ್ನು ಕೂರಿಸುವುದೇ ಅವಳ ಕೆಲಸವಾಯಿತು. ಮದುವೆ ಆಗಲಿಲ್ಲ. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವುದರಲ್ಲಿ ಕೇಳಿದ ಗಂಡುಗಳೆಲ್ಲ ಬೇರೆ ಕಡೆ ಹೋದರು. ಊರೂರು ಸುತ್ತುವ ಗಾಡಿಗಳನ್ನು ಅಷ್ಟು ವರ್ಷ ಕಟ್ಟಿದವಳು ಸ್ವತಃ ಇಂಡಿಯಾನಾ ಬಿಟ್ಟು ಆಚೆ ಹೋಗಿರಲಿಲ್ಲ. ತಾಯಿ ತೀರಿಕೊಂಡ ತಿಂಗಳೇ, ತಾನೇ ಸ್ಲೈಡು ಕೂರಿಸಿದ ಒಂದು ಹಳೇ ಗಾಡಿಯನ್ನು ಹುಡುಕಿ ತೆಗೆದುಕೊಂಡು ನೇರ ಇಲ್ಲಿಗೆ ಬಂದಳು. ಆಗ ಅವಳಿಗೆ ಐವತ್ತೊಂದು.

ಅವಳ ಕೆಲಸ ನೋಡಬೇಕು. ಮೊದಲು ಗೋಡೆಗೆ ಕಿವಿ ಕೊಡುತ್ತಾಳೆ, ಮಗುವಿನ ಎದೆ ನೋಡುವ ಡಾಕ್ಟರರ ಹಾಗೆ. ಸ್ಲೈಡಿನ ಎರಡು ಪಕ್ಕಕ್ಕೂ ಒಂದೊಂದು ಮೋಟಾರು. ಎರಡೂ ಜೊತೆಜೊತೆಗೆ ನಡೆಯಬೇಕು. ಅದಕ್ಕೆ ಗುಂಡಿಯನ್ನು ಕೊನೆಯವರೆಗೂ, ಮೋಟಾರು ತಾನಾಗಿ ನಿಲ್ಲುವವರೆಗೂ, ಒತ್ತಿ ಹಿಡಿದಿರಬೇಕು. ನಮ್ಮ ಜನಕ್ಕೆ ಅಷ್ಟು ತಾಳ್ಮೆ ಎಲ್ಲಿ ಬರಬೇಕು? ಕೋಣೆ ಹೊರಗೆ ಬಂತು ಅನ್ನಿಸಿದ ಕೂಡಲೇ ಬೆರಳು ತೆಗೆದು ಕಾಫಿ ಕಾಸಲು ಓಡುತ್ತಾರೆ. ದಿನಕ್ಕಿಷ್ಟಿಷ್ಟು ವ್ಯತ್ಯಾಸ ಸೇರುತ್ತಾ ಹೋಗಿ, ಒಂದು ದಿನ ಒಂದು ಪಕ್ಕ ಒಳಗೆ, ಒಂದು ಪಕ್ಕ ಹೊರಗೆ, ಇಡೀ ಕೋಣೆ ಸೊಟ್ಟಗೆ ನಿಲ್ಲುತ್ತದೆ. ಆರ್ವಿಲಾ ಹನ್ನೊಂದು ಚಳಿಗಾಲ ಇದನ್ನೇ ಬಾಯಿ ನೋಯುವಷ್ಟು ಹೇಳಿದಳು. ಯಾರೂ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ, ನಾನೂ ಸೇರಿ.

ಹಾರ್ಲನ್ ಪ್ರಿಚೆಟ್ ಅಂತೂ ಒಂದೇ ತಿಂಗಳಲ್ಲಿ ಮೂರು ಸಲ ಅವಳನ್ನು ಕರೆಸಿದ. ನೆಬ್ರಾಸ್ಕಾದಲ್ಲಿ ನಲವತ್ತು ವರ್ಷ ವಿದ್ಯುತ್ ಕಂಬ ಹತ್ತಿದ ಲೈನ್‌ಮನ್, ದೊಡ್ಡ ಆಳು, ಮಾತು ಕಡಿಮೆ. ಹೆಂಡತಿ ರೂತ್ ತೀರಿಕೊಂಡು ಎರಡು ವರ್ಷವಾಗಿತ್ತು. ಮೂರನೇ ಸಲ ಆರ್ವಿಲಾ ಬೈದಳಂತೆ. ನಾಲ್ಕನೇ ಸಲ ಏನೂ ಕೆಟ್ಟಿರಲಿಲ್ಲ, ಸುಮ್ಮನೆ ಊಟಕ್ಕೆ ಕರೆದ. ಅಲ್ಲಿಂದ ಮೂರು ವರ್ಷಕ್ಕೆ ಮದುವೆಯ ಮಾತು ಬಂತು. ಇಬ್ಬರಿಗೆ ಎರಡು ಗಾಡಿ ಯಾಕೆ, ಹಾರ್ಲನ್ನನದು ಮಾರಿಬಿಡೋಣ, ಅವಳದರಲ್ಲಿ ಇರೋಣ ಅಂತ ತೀರ್ಮಾನವಾಯಿತು. ಕೊಳ್ಳುವವರು ಮದುವೆಯ ಮಾರನೇ ದಿನ ಬಂದು ನೋಡುವುದೆಂದೂ ನಿಗದಿಯಾಯಿತು.

ಮದುವೆಯ ಬೆಳಿಗ್ಗೆ ಅವಳ ಕೂದಲು ಕಟ್ಟಿದವಳು ನಾನು. ಕನ್ನಡಿ ನೋಡಿ ನೋಡಿ ನಕ್ಕಳು. ಆಮೇಲೆ ನನ್ನ ಕೈ ಹಿಡಿದು, "ಇವತ್ತು ಆಗದೇ ಇದ್ರೆ ನಂಗೆ ಇನ್ನೊಂದ್ಸಲ ಧೈರ್ಯ ಬರಲ್ಲ ಕಣೇ ಓಲೀಟಾ" ಅಂದಳು. ಹುಚ್ಚಿ, ಆಗದೇ ಏನು, ಅಂತ ಗದರಿದೆ.

ಹನ್ನೊಂದೂವರೆಗೆ ಮದುವೆ. ಅರವತ್ತು ಜನ ಮಡಿಚುವ ಕುರ್ಚಿ ಹಾಕಿಕೊಂಡು ಕೂತಿದ್ದರು. ಗಾಳಿ ಎದ್ದಿತು. ಜಡ್ಜ್ ಮೇಡಂ ಹನ್ನೆರಡೂವರೆಗೆ ಹೊರಡಲೇಬೇಕು, ಮಧ್ಯಾಹ್ನ ಅವರ ಕೋರ್ಟು. ಅವರಿಗೆ ಮುಂದಿನ ಬಿಡುವು ಮೂರು ವಾರದ ಮೇಲೆ, ಅಷ್ಟರಲ್ಲಿ ಚಳಿಗಾಲ ಮುಗಿದು ನಾವೆಲ್ಲ ದಿಕ್ಕಿಗೊಬ್ಬರಾಗಿರುತ್ತೇವೆ. ಹನ್ನೊಂದೂವರೆ ಆಯಿತು, ಹಾರ್ಲನ್ ಇಲ್ಲ. ಅವನ ಗಾಡಿಯ ಕಡೆ ನೋಡಿದರೆ, ಸ್ಲೈಡು ಒಳಗೆ ಹೋಗಿದೆ.

ಅವನ ಗಾಡಿಯಲ್ಲಿ ಸ್ಲೈಡು ಒಳಗೆ ಹೋದರೆ ಸೋಫಾ ಬಂದು ಹಿಂದಿನ ಮಲಗುವ ಕೋಣೆಯ ಬಾಗಿಲಿಗೆ ಒತ್ತಿಕೊಳ್ಳುತ್ತದೆ. ಒಳಗಿದ್ದವರು ಒಳಗೇ. ಕೂಗಿ ಕೇಳಿದಾಗ ಅವನು ಹೇಳಿದ್ದು ಇಷ್ಟು: ಗಾಳಿ ಜೋರಾಯಿತು, ಸ್ಲೈಡಿನ ಮೇಲೆ ಹಾಸಿದ ಬಟ್ಟೆ ಹರಿಯುತ್ತದೆ ಅಂತ ರಿಮೋಟ್ ಒತ್ತಿ ಒಳಗೆ ಎಳೆದೆ, ಈಗ ಹೊರಗೆ ಹೋಗುತ್ತಿಲ್ಲ. ಗಾಳಿಗೆ ಸ್ಲೈಡು ಎಳೆದುಕೊಳ್ಳುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ. ಕಿಟಕಿಯಿಂದ ಇಳಿ ಅನ್ನೋಣವೆಂದರೆ, ಕಿಟಕಿ ನೆಲದಿಂದ ಆಳೆತ್ತರದಲ್ಲಿದೆ. ಅಕ್ಟೋಬರಿನಲ್ಲಷ್ಟೇ ಅವನ ಸೊಂಟದ ಕೀಲು ಬದಲಾಯಿಸಿದ್ದರು.

ಶುರುವಾಯಿತು ನೋಡಿ ಗದ್ದಲ. ನಮ್ಮ ಕ್ಯಾಂಪಿನಲ್ಲಿ ಯಾರಿಗೆ ಏನು ಗೊತ್ತಿಲ್ಲ ಹೇಳಿ. ಒಬ್ಬ ಬ್ಯಾಟರಿ ಅಂದ, ಒಬ್ಬ ಹಲ್ಲುಚಕ್ರ ಅಂದ, ಇನ್ನೊಬ್ಬ ಒಳಗೆ ಚಪ್ಪಲಿ ಸಿಕ್ಕಿಕೊಂಡಿದೆ ಅಂದ. ಹಾರೆ ಬಂತು, ಡ್ರಿಲ್ ಬಂತು, ಎಣ್ಣೆಯ ಡಬ್ಬಿಗಳೇ ಏಳು ಬಂದವು. ವಿಸ್ಕಾನ್ಸಿನ್ನಿನ ಮಾಜಿ ಫೈರ್‌ಮನ್ ಡ್ವೇನ್ ಗೋಡೆಯನ್ನೇ ಕತ್ತರಿಸುತ್ತೇನೆ ಅಂತ ಕೊಡಲಿ ತಂದ. ಅಯ್ಯೋ ಬಿಡ್ರೀ, ಗುಂಡಿ ಬೇಗ ಬಿಟ್ಟಿರ್ತಾನೆ, ಅದು ಬಿಟ್ಟು ಇನ್ನೇನು, ಅಂತ ಹೆಂಗಸರು ನಗಾಡಿದರು. ಸ್ಲೈಡು ರಿಪೇರಿಯವಳ ಮದುಮಗನೇ ಸ್ಲೈಡಿನಲ್ಲಿ ಸಿಕ್ಕಿಕೊಂಡ ಅಂತ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಗಾಳಿಗೆ ತಿಂಡಿಯ ಮೇಜಿನ ಬಟ್ಟೆ ಹಾರುತ್ತಿತ್ತು, ಮೇಜನ್ನೇ ಮರೆಗೆ ಎಳೆದಿಟ್ಟು ಓಡಿಬಂದೆ.

ಆರ್ವಿಲಾ ಎಲ್ಲರನ್ನೂ ಹಿಂದೆ ಸರಿಸಿದಳು. ತಿಳಿನೀಲಿ ಉಡುಪಿನ ತೋಳು ಮಡಿಚಿ, ನನ್ನ ಕೈಗೆ ಟಾರ್ಚ್ ಕೊಟ್ಟು ಒಳಗೆ ನಡೆದಳು. ಬ್ಯಾಟರಿ ನೋಡಿದಳು, ಚೆನ್ನಾಗಿತ್ತು. ಸ್ಲೈಡಿನ ಒಂದು ಅಂಚು ಮುಟ್ಟಿದಳು, ಇನ್ನೊಂದು ಅಂಚು ಮುಟ್ಟಿದಳು. ಮತ್ತೆ ಮೊದಲನೆಯದಕ್ಕೆ ಬಂದಳು. ಟಾರ್ಚ್ ಹಿಡಿದಿದ್ದ ನನಗೂ ಕಂಡಿತು: ಕೋಣೆ ಸೊಟ್ಟಗಿಲ್ಲ. ಎರಡೂ ಪಕ್ಕ ಅಳತೆ ಹಿಡಿದ ಹಾಗೆ ಸಮನಾಗಿ ಒಳಗೆ ಕೂತಿವೆ. ಗುಂಡಿಯನ್ನು ಕೊನೆಯವರೆಗೂ ಒತ್ತಿ ಹಿಡಿದವರ ಸ್ಲೈಡು ಮಾತ್ರ ಹಾಗೆ ಕೂರುತ್ತದೆ. ಗೋಡೆಯ ಗುಂಡಿ ಒತ್ತಿದಳು. ಟಿಕ್ ಅನ್ನುವ ಸದ್ದೂ ಇಲ್ಲ, ಕರೆಂಟೇ ಬರುತ್ತಿಲ್ಲ.

ಫ್ಯೂಸಿನ ಪೆಟ್ಟಿಗೆ ಇದ್ದದ್ದು ಹಿಂದಿನ ಕೋಣೆಯಲ್ಲಿ, ಹಾರ್ಲನ್ ಇದ್ದಲ್ಲೇ. ಫ್ಯೂಸ್ ನೋಡು ಅಂದಳು. ನೋಡಿದೆ, ಸರಿ ಇದೆ ಅಂತ ಉತ್ತರ ಬಂತು. ನಲವತ್ತು ವರ್ಷ ಕಂಬ ಹತ್ತಿದವನಿಗೆ ಒಂದು ಫ್ಯೂಸ್ ನೋಡಲು ಬರುವುದಿಲ್ಲವೇ? ಆರ್ವಿಲಾ ಸ್ಕ್ರೂಡ್ರೈವರ್ ಕೆಳಗಿಟ್ಟು, ಆ ಉಡುಪಿನಲ್ಲೇ ನೆಲದ ಮೇಲೆ ಕೂತಳು. ಸೋಫಾಕ್ಕೂ ಬಾಗಿಲ ಚೌಕಟ್ಟಿಗೂ ನಡುವೆ ಅಂಗೈ ಅಗಲ ಸಂದಿ ಇತ್ತು. ಅದಕ್ಕೆ ಬಾಯಿ ಇಟ್ಟು ಮೆಲ್ಲಗೆ ಕೇಳಿದಳು.

"ಹಾರ್ಲನ್, ಫ್ಯೂಸ್ ಎಲ್ಲಿದೆ?"

ಅವನು ಆಚೆಯಿಂದ, "ಜೇಬಲ್ಲಿದೆ" ಅಂದ.

ನನಗೆ ಬಂದ ಸಿಟ್ಟಿಗೆ ಡ್ವೇನನ ಕೊಡಲಿಯನ್ನು ನಾನೇ ಇಸಕೊಂಡು ಬರುತ್ತಿದ್ದೆ. ಅರವತ್ತು ಜನರ ಎದುರು ಈ ಹೆಂಗಸಿನ ಮಾನ ಕಳೆಯಲು ಹೊರಟಿದ್ದಾನಲ್ಲ. ಬಾಯಿ ತೆರೆದೆ. ಆರ್ವಿಲಾ ಕೈ ಎತ್ತಿ ತಡೆದಳು.

ನಾನು ಬೇಡವಾ ಅಂತ ಅವಳು ಕೇಳಿದಳು. ಹಾಗಲ್ಲ, ಹಾಗಲ್ಲ ಅಂತ ಅವನು ಎರಡು ಸಲ ಹೇಳಿದ. ಆಮೇಲೆ ಬಿಟ್ಟು ಬಿಟ್ಟು ಮಾತು ಬಂತು. "ನಾಳೆ ಬರ್ತಾರಲ್ಲ ಅವ್ರು, ಗಾಡಿ ನೋಡೋಕೆ. ಈ ಪರದೆ ರೂತ್ ಹೊಲಿದಿದ್ದು, ಆರ್ವಿಲಾ. ಅವ್ಳು ಕಣ್ಮುಚ್ಚಿದ್ದೂ ಈ ಕೋಣೇಲೇ. ಟೈ ಕಟ್ಕೊಳ್ತಾ ಇದ್ದೆ, ಯಾರೋ ಬಂದು ಇದನ್ನೆಲ್ಲ ಕಿತ್ತು ಹಾಕ್ತಾರೆ ಅನ್ನಿಸ್ತು. ಬಾಗ್ಲು ಹಾಕ್ಕೊಂಡ್ಬಿಟ್ಟೆ."

ಮೊದಲೇ ಯಾಕೆ ಹೇಳಲಿಲ್ಲ ಅಂದಳು. ನೀನು ಅಷ್ಟು ಖುಷಿಯಾಗಿದ್ದೆ ಅಂದ.

ಹೊರಗೆ ಜಡ್ಜ್ ಮೇಡಂ ಇನ್ನು ಹತ್ತೇ ನಿಮಿಷ ಅಂತ ಕೂಗಿ ಹೇಳಿದರು. ಆರ್ವಿಲಾಳ ಮುಖ ನೋಡಿದೆ. ಬೆಳಿಗ್ಗೆ ಕನ್ನಡಿಯಲ್ಲಿ ಕಂಡ ಮುಖವಲ್ಲ ಅದು. ಆದರೂ ದನಿ ನಡುಗಲಿಲ್ಲ.

"ನಂದೇ ತಪ್ಪು. ಎರಡು ಗಾಡಿ ಯಾಕೆ ಅಂದೋಳು ನಾನು, ನಿನ್ನ ಒಂದ್ಮಾತೂ ಕೇಳ್ಲಿಲ್ಲ. ನೀನು ಅಲ್ಲೇ ಇರು. ಮೋಟಾರ್ ಸುಟ್ಟೋಗಿದೆ ಅಂತ ಹೊರಗೆ ಹೇಳ್ತೀನಿ, ಯಾರೂ ನಿನ್ನ ಏನೂ ಅನ್ನಲ್ಲ. ಗಾಡಿ ಮಾತ್ರ ಮಾರಬೇಡ."

ಎದ್ದಳು. ಮಂಡಿಯ ಧೂಳು ಒದರಿಕೊಂಡು ಬಾಗಿಲಿಗೆ ಹೋಗಿ ಮೆಟ್ಟಿಲ ಮೇಲೆ ನಿಂತಳು. ಅರವತ್ತು ಜನ ಒಮ್ಮೆಗೇ ಅವಳ ಕಡೆ ತಿರುಗಿದರು. ನಾನು ಅವಳ ಹಿಂದೆ ಟಾರ್ಚ್ ಆರಿಸುವುದನ್ನೂ ಮರೆತು ನಿಂತಿದ್ದೆ. ಹನ್ನೊಂದು ವರ್ಷದಲ್ಲಿ ಒಂದು ಸ್ಲೈಡಿನ ವಿಷಯದಲ್ಲೂ ಸುಳ್ಳು ಹೇಳದ ಹೆಂಗಸು, ತನ್ನ ಮದುವೆಯನ್ನೇ ಕೈಬಿಟ್ಟು ಅವನ ಮಾನ ಉಳಿಸಲು ಸುಳ್ಳು ಹೇಳಲು ಹೊರಟಿದ್ದಳು. "ಮೋಟಾರು..." ಅಂದಳು. ಇನ್ನೊಂದು ಸಲ "ಮೋಟಾರು" ಅಂದಳು.

ಅಷ್ಟರಲ್ಲಿ ನನ್ನ ಕಾಲ ಕೆಳಗಿನ ನೆಲ ಗುಂಯ್ ಅಂದಿತು.

ಸ್ಲೈಡು ಹೊರಟಿತು. ಗೋಡೆ ಇಷ್ಟಿಷ್ಟೇ ಹೊರಗೆ ಚಾಚುತ್ತಿದ್ದರೆ ಜನ ಕುರ್ಚಿ ಬಿಟ್ಟೆದ್ದು ಓಡಿದರು, ಟೋಪಿ ಹಾರಿದವು, ನಾಯಿಗಳು ಬೊಗಳಿದವು. ಗಾಳಿಗೆ ಮರೆಯಾಗಲಿ ಅಂತ ಆ ಗೋಡೆಗೇ ಒತ್ತರಿಸಿ ತಿಂಡಿಯ ಮೇಜು ಇಟ್ಟಿತ್ತಲ್ಲ, ಅದನ್ನು ಸ್ಲೈಡು ತಳ್ಳಿಕೊಂಡು ಹೋಯಿತು. ಸ್ಲೈಡಿನ ದಾರಿಯಲ್ಲಿ ಏನೂ ಇಡಬಾರದು ಅಂತ ಇಲ್ಲಿ ಮೊದಲ ದಿನ ಬಂದವರಿಗೂ ಗೊತ್ತು. ಇಟ್ಟವಳು ನಾನೇ. ಒಂಬತ್ತು ಪೈಗಳು, ನಾಲ್ಕು ಬಗೆಯ ಸಲಾಡು, ಡ್ವೇನನ ಹೆಂಡತಿ ಎರಡು ದಿನ ಕೂತು ಮಾಡಿದ ಕೇಕು, ಎಲ್ಲ ಮೇಜಿನ ಸಮೇತ ಮರಳಿಗೆ ಬಿತ್ತು. ಯಾರಿಗೂ ಅದರ ಪರಿವೆಯೇ ಇರಲಿಲ್ಲ. ಕೊಡಲಿ ಹಿಡಿದುಕೊಂಡೇ ಡ್ವೇನ್ ಕುಣಿಯುತ್ತಿದ್ದ.

ನಾನು ಒಳಕ್ಕೆ ತಿರುಗಿ ನೋಡಿದೆ. ಸೋಫಾ ಹಿಂದೆ ಸರಿದು ಬಾಗಿಲು ತೆರವಾಗಿತ್ತು. ಹಾರ್ಲನ್ ಅಲ್ಲಿ ನಿಂತಿದ್ದ, ಟೈ ಅರ್ಧ ಕಟ್ಟಿತ್ತು, ಕಣ್ಣು ಕೆಂಪಗಾಗಿತ್ತು. ಆರ್ವಿಲಾ ತಿರುಗಲಿಲ್ಲ. ಅವನೇ ನಡೆದು ಬಂದು ಮೆಟ್ಟಿಲ ಮೇಲೆ ಅವಳ ಪಕ್ಕ ನಿಂತ.

ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಮೋಟಾರ್ ಚೆನ್ನಾಗೇ ಇದೆ. ಫ್ಯೂಸ್ ಕಿತ್ತಿಟ್ಕೊಂಡೋನು ನಾನು. ಹೆದರ್ಕೊಂಡಿದ್ದೆ."

ಯಾರೂ ನಗಲಿಲ್ಲ. ಅವಳು ತಿರುಗಿ ಅವನ ಟೈ ಕಟ್ಟಿದಳು. ಹನ್ನೆರಡು ಇಪ್ಪತ್ತೇಳಕ್ಕೆ ಜಡ್ಜ್ ಮೇಡಂ ಮದುವೆ ಮುಗಿಸಿ, ಮರಳು ಹತ್ತದ ಒಂದು ಪೈ ಚೂರನ್ನು ಕೈಯಲ್ಲಿ ಹಿಡಿದುಕೊಂಡೇ ಕಾರು ಹತ್ತಿದರು. ನಾನು ಎಷ್ಟು ಜೋರಾಗಿ ಅತ್ತೆನೆಂದರೆ ಪಕ್ಕದ ಕ್ಯಾಂಪಿನವರು ಯಾರಿಗೇನಾಯಿತು ಅಂತ ಬಂದರು.

ಮಾರನೇ ದಿನ ಬೆಳಿಗ್ಗೆ ಕೊಳ್ಳುವವರು ಬಂದಾಗ ಆರ್ವಿಲಾ ಅವರನ್ನು ತನ್ನ ಗಾಡಿಗೆ ಕರೆದುಕೊಂಡು ಹೋದಳು. ತಾನು ಕೈಯಾರೆ ಕೂರಿಸಿದ ಸ್ಲೈಡನ್ನು ಒಮ್ಮೆ ಹೊರಗೆ, ಒಮ್ಮೆ ಒಳಗೆ ಓಡಿಸಿ ತೋರಿಸಿ, ಆ ಗಾಡಿಯನ್ನೇ ಮಾರಿಬಿಟ್ಟಳು. ನನಗೆ ತಡೆಯಲಾಗಲಿಲ್ಲ, ನಿನಗೇನು ತಲೆ ಕೆಟ್ಟಿದೆಯಾ, ಎರಡೂ ಇಟ್ಟುಕೊಂಡು ಅಕ್ಕಪಕ್ಕ ಇರಬಾರದೇ ಅಂತ ಕೂಗಾಡಿದೆ.

"ಎರಡು ಬಾಗ್ಲಿದ್ರೆ, ಒಂದಿನ ಅವ್ನು ಒಂದ್ರೊಳಗೆ ಹೋಗಿ ಹಾಕ್ಕೋತಾನೆ, ಇನ್ನೊಂದಿನ ನಾನು ಹಾಕ್ಕೋತೀನಿ" ಅಂದಳು. "ಒಂದೇ ಇದ್ರೆ ಕೂತು ಮಾತಾಡ್ಲೇಬೇಕಲ್ಲ."

ಅವಳ ಸಾಮಾನೆಲ್ಲ ಸೇರಿ ಐದು ಡಬ್ಬ. ನಾನೇ ಹೊತ್ತು ತಂದೆ. ಹಾರ್ಲನ್ ಮಲಗುವ ಕೋಣೆಯ ಬಾಗಿಲಲ್ಲಿ ಏನು ಮಾಡಬೇಕೆಂದು ತೋಚದೆ ನಿಂತಿದ್ದ. ಗೋಡೆಯಲ್ಲಿ ಸಾಲಾಗಿ ಮೂರು ಕೊಕ್ಕೆಗಳಿದ್ದವು. ಆರ್ವಿಲಾ ತನ್ನ ಕೋಟು ಕೈಯಲ್ಲಿ ಹಿಡಿದು, ಇದರಲ್ಲಿ ರೂತ್‌ದು ಯಾವುದು ಅಂತ ಕೇಳಿದಳು. ಅವನು ನಡುವಿನದನ್ನು ತೋರಿಸಿದ. ಅವಳು ಕೊನೆಯದಕ್ಕೆ ತನ್ನ ಕೋಟು ನೇತುಹಾಕಿ, ಮಿಕ್ಕ ಡಬ್ಬ ತರಲು ಹೊರಗೆ ಬಂದಳು.