ತಮ್ಮನ ನರಿ, ನನ್ನ ಚಪಾತಿ

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ನನ್ನ ತಮ್ಮ ಚೆನ್ನಾಗಿ ಓದಿದ, ಆಮೇಲೆ ಓದಿದ್ದನ್ನೆಲ್ಲ ಬದಿಗಿಟ್ಟು ಕ್ಯಾಮೆರಾ ಹಿಡಿದು ಊರೂರು ಸುತ್ತತೊಡಗಿದ. ಕಾಡುಪ್ರಾಣಿಗಳ ಫೋಟೊ ತೆಗೆಯುವುದೇ ಅವನ ಕೆಲಸ. ಹೋದ ವರ್ಷ ಚಳಿಗಾಲದಲ್ಲಿ ಮೈಸೂರಿನಿಂದ ಡಚ್ಚರ ದೇಶದ ಹಾರ್ಲೆಮ್ ಊರಿನ ನಮ್ಮ ಮನೆಗೆ ಬಂದ. ಅಕ್ಕನನ್ನು ನೋಡಲು ಬಂದೆ ಅಂದ. ಕಾಫಿ ಲೋಟ ಕೆಳಗಿಡುವ ಮೊದಲೇ, ಸಮುದ್ರದ ಕಡೆಯ ಮರಳುದಿಬ್ಬಗಳಿಗೆ ಯಾವ ಬಸ್ಸು ಎಂದು ಕೇಳಿದ. ಅಲ್ಲಿ ಕೆಂಪು ನರಿಗಳಿವೆಯಂತೆ.

ನನ್ನ ಗಂಡ ಆಫೀಸಿಗೆ ಹೋದ ಮೇಲೆ ನನಗೂ ಮನೆಯಲ್ಲಿ ಕೆಲಸವಿರಲಿಲ್ಲ. ಡಬ್ಬಿ ಕಟ್ಟಿಕೊಂಡು ನಾನೂ ಹೊರಟೆ.

ಫೋಟೊ ಎಂದರೆ ಗುಂಡಿ ಒತ್ತುವುದು ಎಂದುಕೊಂಡಿದ್ದೆ. ಅವನು ಮೊದಲ ದಿನ ಕ್ಯಾಮೆರಾ ಹೊರಗೇ ತೆಗೆಯಲಿಲ್ಲ. ಮರಳಿನ ಮೇಲೆ ಹೆಜ್ಜೆ ಗುರುತು ಹುಡುಕಿದ. ನರಿಯ ಹಿಕ್ಕೆ ಸಿಕ್ಕಿದಾಗ ಚಿನ್ನ ಸಿಕ್ಕಿದವನ ಹಾಗೆ ನನ್ನನ್ನು ಕರೆದ. ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಬಿಸಿಲು ಎಲ್ಲಿ ಮೊದಲು ಬೀಳುತ್ತದೆ ಎಂದು ನೋಡಿಕೊಂಡು ಒಂದು ಜಾಗ ಗೊತ್ತುಮಾಡಿದ. ಮಾರನೇ ದಿನದಿಂದ ಅಲ್ಲೇ ಬೋರಲು ಮಲಗಿದ.

"ನಿಂತ್ಕೊಂಡ್ ತೆಗೆದ್ರೆ ನರಿ ಬೀದಿ ನಾಯಿ ಥರ ಕಾಣತ್ತೆ ಅಕ್ಕ. ಅದರ ಕಣ್ಣಿನ ಮಟ್ಟಕ್ಕೆ ನಾವು ಇಳೀಬೇಕು. ಬಿಸಿಲು ಅದರ ಹಿಂದಿಂದ ಬಂದ್ರೆ ಕೂದಲ ಅಂಚೆಲ್ಲ ಹೊಳೆಯತ್ತೆ."

"ಮತ್ತೆ ಕರಿಯೋ ಅದನ್ನ."

"ಕರಿಯಂಗಿಲ್ಲ. ಅದಾಗೇ ಬರ್ಬೇಕು. ಮತ್ತೆ ನಿನ್ ಜಾಕೆಟ್ ಚಿಪ್ಸ್ ಪ್ಯಾಕೆಟ್ ಥರ ಸದ್ದು ಮಾಡ್ತಿದೆ, ಅಲ್ಲಾಡ್ಬೇಡ."

ನರಿ ದಿನವೂ ಬಂತು. ದೂರದಲ್ಲಿ ನಿಂತು, ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಹೋಯಿತು. ಅವನಿಗೆ ಅದೇ ಸಂತೋಷ. ನನಗೆ ಕೈಕಾಲು ಮರಗಟ್ಟುತ್ತಿತ್ತು. ಕೊನೆಯ ದಿನ ಬಂತು, ಮಾರನೇ ದಿನ ಅವನ ವಿಮಾನ. ಬರಿಗೈಯಲ್ಲಿ ಹೋಗುತ್ತಾನಲ್ಲ ಎಂದು ಡಬ್ಬಿ ಬಿಚ್ಚಿದೆ.

ನಮ್ಮ ತಾಯಿ ಹಂಚಿನಿಂದ ಇಳಿದ ಮೊದಲ ಚಪಾತಿಯನ್ನು ಬೀದಿ ನಾಯಿಗೆ ಹಾಕದೆ ನಮಗೆ ಬಡಿಸುತ್ತಿರಲಿಲ್ಲ. ಆ ಅಭ್ಯಾಸ ನನ್ನ ಕೈಯಲ್ಲೂ ಉಳಿದಿದೆ. ಆದರೆ ಅದನ್ನು ನೆಪ ಮಾಡಿಕೊಳ್ಳುವಂತಿಲ್ಲ. ದಿಬ್ಬದ ಗೇಟಿನಲ್ಲೇ ಪ್ರಾಣಿಗಳಿಗೆ ತಿನ್ನಲು ಕೊಡಬಾರದೆಂಬ ಬೋರ್ಡಿತ್ತು. ಡಚ್ ಓದಲು ಬರದಿದ್ದರೂ ಅದರಲ್ಲಿದ್ದ ಚಿತ್ರ ನನಗೆ ಅರ್ಥವಾಗಿತ್ತು.

ನರಿ ದಿಬ್ಬದ ಮೇಲೆ ಬಂದು, ಇನ್ನೇನು ತಿರುಗಬೇಕು. ತಮ್ಮನ ಹಿಂದೆ ಕೂತಿದ್ದ ನಾನು ತುಪ್ಪ ಸಕ್ಕರೆ ಸವರಿದ ಚಪಾತಿ ಸುರುಳಿಯನ್ನು ಅವನ ತಲೆಯ ಮೇಲಿಂದ ಎತ್ತಿ ಹಿಡಿದೆ. ನರಿ ಇಳಿದು ಹತ್ತಿರಕ್ಕೆ ಬಂತು. ಒಂದು ಮುಂಗಾಲು ಎತ್ತಿ, ಕಿವಿ ನಿಮಿರಿಸಿ ನಿಂತುಬಿಟ್ಟಿತು. ಕ್ಯಾಮೆರಾ ಟಕಟಕ ಎಂದಿತು. ಅವನು ತಲೆ ತಗ್ಗಿಸಿ ಪರದೆ ನೋಡುವಷ್ಟರಲ್ಲಿ ಚಪಾತಿಯನ್ನು ಪೊದೆಯ ಆಚೆ ಎಸೆದೆ. ನರಿ ಅದರ ಹಿಂದೆ ಮಾಯವಾಯಿತು.

"ಎಲ್ಲೋಯ್ತು?"

"ಹೋಯ್ತು," ಎಂದು ಕೈಯ ತುಪ್ಪವನ್ನು ಜಾಕೆಟ್ಟಿಗೆ ಒರೆಸಿಕೊಂಡೆ.

ಫೋಟೊ ನೋಡಿ ನನ್ನ ಗಂಡ, "ಮನುಷ್ಯರನ್ನ ಏನೋ ಕೇಳ್ತಿದೆ ಅನ್ಸತ್ತಲ್ವಾ," ಅಂದರು. ನಾನು ಒಗ್ಗರಣೆ ನೆಪದಲ್ಲಿ ಒಳಗೆ ಹೋದೆ.

ಕೆಲವು ತಿಂಗಳ ಮೇಲೆ ತಮ್ಮ ಫೋನು ಮಾಡಿದ. ಆ ಫೋಟೊ ದೊಡ್ಡ ಸ್ಪರ್ಧೆಯೊಂದರ ಕೊನೆಯ ಸುತ್ತಿಗೆ ಬಂದಿತ್ತು. ತಿಂಡಿ ತೋರಿಸಿ ಕರೆದ ಪ್ರಾಣಿಯ ಫೋಟೊ ಅಲ್ಲಿ ನಡೆಯುವುದಿಲ್ಲ. "ಹೇಗೆ ತೆಗೆದ್ರಿ ಅಂತ ಕೇಳಿದಾರೆ. ನಮ್ಮಕ್ಕನೇ ಸಾಕ್ಷಿ ಅಂತ ಬರೀತೀನಿ," ಎಂದು ನಕ್ಕ. ನಾನು ಹೂಂ ಅಂದೆ.

ಆ ವಾರ ಒಬ್ಬಳೇ ದಿಬ್ಬಕ್ಕೆ ಹೋದೆ. ದಾರಿಯಲ್ಲಿ ಒಬ್ಬರು ಸೈಕಲ್ ನಿಲ್ಲಿಸಿದ್ದರು. ಅವರ ಚೀಲಕ್ಕೆ ಒಂದು ನರಿ ಮೂತಿ ಹಾಕಿ ನಿಂತಿತ್ತು. ಓಡಿಸಿದರೂ ಹೋಗಲಿಲ್ಲ, ಕೈಯನ್ನೇ ನೋಡುತ್ತಿತ್ತು. ನನ್ನ ನರಿಯೋ ಬೇರೆಯದೋ ಗೊತ್ತಿಲ್ಲ. ಆ ನೋಟ ಮಾತ್ರ ಫೋಟೊದಲ್ಲಿದ್ದದ್ದೇ. ಮನೆಗೆ ಬಂದವಳೇ ತಮ್ಮನಿಗೆ ಫೋನು ಮಾಡಿದೆ.

"ಅವತ್ತು ಅದು ನಿನ್ನ ನೋಡ್ಲಿಲ್ಲ ಕಣೋ. ಚಪಾತಿ ನೋಡ್ತು."

"ಯಾವ ಚಪಾತಿ?"

ಎಲ್ಲ ಹೇಳಿದೆ. "ಅವತ್ತು ಹಸಿವಾಗಿ ನಾನು ಚಪಾತಿ ಕೇಳಿದ್ರೆ ಖಾಲಿ ಅಂದ್ಯಲ್ಲೇ," ಅಂದ. ಆಮೇಲೆ, "ಫೋಟೊ ವಾಪಸ್ ತಗೋತೀನಿ."

"ಯಾರಿಗೂ ಗೊತ್ತಾಗಲ್ವಲ್ಲೋ."

"ಈಗ ನಂಗೆ ಗೊತ್ತಲ್ಲ ಅಕ್ಕ."

ಫೋಟೊ ವಾಪಸು ಬಂತು. ಅವನು ಸುಮಾರು ದಿನ ಫೋನು ಮಾಡಲಿಲ್ಲ.

ಈ ಚಳಿಗಾಲ ಮತ್ತೆ ಬಂದ. ಹೊರಡುವಾಗ ಅವನು ಕೇಳುವ ಮೊದಲೇ ಡಬ್ಬಿಯನ್ನು ಮನೆಯಲ್ಲೇ ಇಟ್ಟೆ. ಹಸಿದುಕೊಂಡು ಕಾದೆವು. ದೂರದಲ್ಲಿ ಒಂದು ನರಿ ಬೆನ್ನು ತೋರಿಸಿ ನಡೆದು ಹೋಯಿತು. ಅದನ್ನೇ ತೆಗೆದ. ಆ ಫೋಟೊ ಈಗ ನನ್ನ ಅಡುಗೆಮನೆಯಲ್ಲಿದೆ. ಬಂದವರು ಅದೇನು ಕಲ್ಲೇ ಎಂದು ಕೇಳುತ್ತಾರೆ.

ಊಟಕ್ಕೆ ಕೂತಾಗ ತಮ್ಮ, "ನರೀದೂ ನಂಗೇ ಹಾಕು," ಎಂದು ತಟ್ಟೆ ಮುಂದೆ ತಳ್ಳಿ ನಗುತ್ತಾನೆ. ನಾನು ಹಾಕುತ್ತೇನೆ. ನಗು ಮಾತ್ರ ನನಗೆ ಇನ್ನೂ ಬರುವುದಿಲ್ಲ.